ತಪ್ಪು ಬೇರೆ, ತಪ್ಪಿನ ಬೆಲೆ ಬೇರೆ: ವ್ಯಾಪಾರಿ ಜಾಲತಾಣಗಳ ಚಿತ್ರಗಳೂ ಕೃತಿಸ್ವಾಮ್ಯದ ಬೇಡಿಕೆ ಪತ್ರಗಳೂ

ವ್ಯಾಪಾರ ಸಂಸ್ಥೆಯೊಂದರ ಜಾಲತಾಣದಲ್ಲಿ ಅನುಮತಿಯಿಲ್ಲದೆ ಬಳಕೆಯಾದ ಛಾಯಾಚಿತ್ರಕ್ಕೆ ಹಣ ಕೇಳಿ ಬರುವ ಪತ್ರವು ಕಳೆದ ಸುಮಾರು ಎರಡು ದಶಕಗಳಲ್ಲಿ ರೂಪುಗೊಂಡ ಹೊಸ ಬಗೆಯ ದಾಖಲೆ. ಅದು ನ್ಯಾಯಾಲಯದ ಸಮನ್ಸ್ ಅಲ್ಲ, ಸರ್ಕಾರ ವಿಧಿಸಿದ ದಂಡವಲ್ಲ, ಸರಕು ಕೊಂಡದ್ದಕ್ಕೆ ಬಂದ ಬಿಲ್ಲೂ ಅಲ್ಲ. ಆದರೂ ಈ ಮೂರರ ಧಾಟಿಯನ್ನೂ ಅಷ್ಟಿಷ್ಟು ಎರವಲು ಪಡೆದಿರುತ್ತದೆ. ಅದನ್ನು ಪಡೆದವರಲ್ಲಿ ಕೆಲವರು ಹೆದರಿ ಕೇಳಿದಷ್ಟನ್ನೂ ಕಟ್ಟಿಬಿಡುತ್ತಾರೆ, ಇನ್ನು ಕೆಲವರು ಮೋಸದ ಪತ್ರವೆಂದು ಬಗೆದು ಕಸದ ಬುಟ್ಟಿಗೆ ಹಾಕುತ್ತಾರೆ. ಈ ಎರಡು ಅತಿರೇಕಗಳಿಗೂ ಮೂಲ ಒಂದೇ: ಕೃತಿಸ್ವಾಮ್ಯದ, ಅಂದರೆ ಕಾಪಿರೈಟಿನ, ಉಲ್ಲಂಘನೆ ನಡೆದಿದೆಯೇ ಎಂಬುದು ಒಂದು ಪ್ರಶ್ನೆ, ನಡೆದಿದ್ದರೆ ಅದಕ್ಕೆ ಎಷ್ಟು ಹಣ ಸಲ್ಲಬೇಕು ಎಂಬುದು ಮತ್ತೊಂದು, ಬೇಡಿಕೆ ಪತ್ರವು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮುಂದಿಡುತ್ತದೆ, ಓದುವವರು ಅದನ್ನು ಬಿಚ್ಚದೆ ಇಡಿಯಾಗಿ ಒಪ್ಪುತ್ತಾರೆ ಇಲ್ಲವೇ ಇಡಿಯಾಗಿ ತಳ್ಳಿಹಾಕುತ್ತಾರೆ. ಈ ಗಂಟನ್ನು ಬಿಚ್ಚಲು ಭಾರತದ ಕಾನೂನು ಏನು ನೆರವು ನೀಡುತ್ತದೆ, ಬೇರೆ ದೇಶಗಳ ನ್ಯಾಯಾಲಯಗಳು ಹೇಗೆ ಬಿಚ್ಚಿವೆ, ಸಣ್ಣ ವ್ಯಾಪಾರಿಯೊಬ್ಬ ಯಾವ ಕ್ರಮದಲ್ಲಿ ಬಿಚ್ಚಬಹುದು ಎಂಬುದರ ಪರಿಶೀಲನೆಯೇ ಈ ಲೇಖನದ ಉದ್ದೇಶ.

ಹುಡುಕುವ ಯಂತ್ರ, ಕೇಳುವ ಸಂಸ್ಥೆ

ಅನುಮತಿಯಿಲ್ಲದೆ ಚಿತ್ರ ಬಳಸುವ ರೂಢಿ ಜಾಲತಾಣಗಳಿಗಿಂತ ಹಳೆಯದು; ಹೊಸದಾಗಿ ಬಂದದ್ದು ಅದನ್ನು ಪತ್ತೆಹಚ್ಚುವ ಸಾಮರ್ಥ್ಯ. ಕ್ಯಾಲೆಂಡರಿನಲ್ಲೋ ಕರಪತ್ರದಲ್ಲೋ ಅಚ್ಚಾದ ಚಿತ್ರವನ್ನು ಅದರ ಒಡೆಯ ಕಾಣುವ ಸಂಭವ ತೀರಾ ಕಡಿಮೆಯಿದ್ದರೆ, ಜಾಲತಾಣದ ಚಿತ್ರವನ್ನು ಯಂತ್ರವೇ ಹುಡುಕಬಲ್ಲದು. ಪ್ರತಿಯೊಂದು ಚಿತ್ರದ ಬೆಳಕು, ನೆರಳು ಮತ್ತು ಆಕಾರಗಳ ಹಂಚಿಕೆಯಿಂದ ಒಂದು ಸಂಖ್ಯಾರೂಪದ ಗುರುತನ್ನು ತೆಗೆದು, ಅಂತಹ ಗುರುತುಗಳನ್ನು ಜಾಲದಲ್ಲಿ ಸಿಗುವ ಚಿತ್ರಗಳ ಗುರುತುಗಳೊಡನೆ ಹೋಲಿಸುವುದು ಈ ತಂತ್ರದ ತಿರುಳು. ಚಿತ್ರದ ಅಂಚನ್ನು ಕತ್ತರಿಸಿದರೂ, ಗಾತ್ರ ಕುಗ್ಗಿಸಿದರೂ, ಬಣ್ಣ ತುಸು ಬದಲಿಸಿದರೂ ಗುರುತು ಬಹುಮಟ್ಟಿಗೆ ಉಳಿಯುತ್ತದೆ. 2002ರಲ್ಲಿ ಇಸ್ರೇಲಿನಲ್ಲಿ ಆರಂಭವಾದ ಪಿಕ್‌ಸ್ಕೌಟ್ ಈ ಕೆಲಸವನ್ನೇ ಉದ್ಯಮವಾಗಿಸಿತು, 2011ರಲ್ಲಿ ಚಿತ್ರಸಂಗ್ರಹಗಳ ದೊಡ್ಡ ಸಂಸ್ಥೆಯಾದ ಗೆಟ್ಟಿ ಇಮೇಜಸ್ ಅದನ್ನು ಕೊಂಡುಕೊಂಡಿತು. 2008ರಲ್ಲಿ ಟೊರಾಂಟೊದ ಟಿನ್‌ಐ, 2011ರಲ್ಲಿ ಗೂಗಲ್, ಚಿತ್ರವನ್ನೇ ಕೊಟ್ಟು ಚಿತ್ರವನ್ನು ಹುಡುಕುವ ಸೌಲಭ್ಯವನ್ನು ಜನಸಾಮಾನ್ಯರ ಕೈಗೆ ತಂದವು. ಆಮೇಲೆ ಬಂದ ಪಿಕ್ಸಿ, ಕಾಪಿಟ್ರ್ಯಾಕ್‌ನಂತಹ ಸಂಸ್ಥೆಗಳು ಛಾಯಾಗ್ರಾಹಕರ ಪರವಾಗಿ ಹುಡುಕಿ, ಪತ್ರ ಬರೆದು, ವಸೂಲಾದ ಹಣದಲ್ಲಿ ಪಾಲು ಪಡೆಯುವ ಪದ್ಧತಿಯನ್ನು ನೆಲೆಗೊಳಿಸಿದವು.

ಈ ಪಾಲಿನ ಪದ್ಧತಿಯಲ್ಲೇ ವಿವಾದದ ಬೀಜವಿದೆ. ಮಳೆಗಾಲದ ಕೊಡಚಾದ್ರಿಯ ಒಂದು ಚಿತ್ರಕ್ಕಾಗಿ ನಸುಕಿನಲ್ಲಿ ಬೆಟ್ಟ ಹತ್ತಿದ ಛಾಯಾಗ್ರಾಹಕನಿಗೆ ವಕೀಲರ ಶುಲ್ಕ ತೆತ್ತು ಊರೂರಿನ ನ್ಯಾಯಾಲಯ ಸುತ್ತುವ ಶಕ್ತಿಯಿರುವುದಿಲ್ಲ. ಆತನ ಪಾಲಿಗೆ ಇಂತಹ ಸಂಸ್ಥೆಗಳೇ ಊರುಗೋಲು. ಆದರೆ ಪಾಲಿನ ಮೇಲೆ ಬದುಕುವ ಸಂಸ್ಥೆಗೆ ಬೇಡಿಕೆ ಹೆಚ್ಚಿದಷ್ಟೂ ಲಾಭ, ಪತ್ರಗಳ ಸಂಖ್ಯೆ ಬೆಳೆದಷ್ಟೂ ಪ್ರತಿ ಪತ್ರದ ಹಿಂದಿನ ಪರಿಶೀಲನೆ ತೆಳುವಾಗುವ ಅಪಾಯ. ಚಿತ್ರ ಮಾರುವುದಕ್ಕಿಂತ ಉಲ್ಲಂಘನೆಯನ್ನು ಹುಡುಕಿ ಹಣ ಎತ್ತುವುದನ್ನೇ ವೃತ್ತಿ ಮಾಡಿಕೊಂಡವರನ್ನು ಪಾಶ್ಚಾತ್ಯ ಚರ್ಚೆಗಳಲ್ಲಿ ಕಾಪಿರೈಟ್ ಟ್ರೋಲ್ ಎಂದು ಕರೆಯುವುದು ಈ ಕಾರಣಕ್ಕೆ. ಎರಡೂ ಚಿತ್ರಣಗಳು ಅವುಗಳ ಮಟ್ಟಿಗೆ ನಿಜ; ಕೈಗೆ ಬಂದ ಪತ್ರ ಯಾವ ಬಗೆಯದು ಎಂಬುದನ್ನು ಆ ಪತ್ರದಿಂದಲೇ ತಿಳಿಯಬೇಕಾಗುತ್ತದೆ.

ಪತ್ರದ ಒಳಗೆ

ಇಂತಹ ಪತ್ರಗಳ ರಚನೆ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಮೇಲ್ಭಾಗದಲ್ಲಿ ಒಂದು ಉಲ್ಲೇಖ ಸಂಖ್ಯೆ. ಅದರ ಕೆಳಗೆ ಅಕ್ಕಪಕ್ಕದಲ್ಲಿ ಎರಡು ಚಿತ್ರಗಳು, ಒಂದು ಮೂಲದ ಚಿಕ್ಕ ಪ್ರತಿ, ಇನ್ನೊಂದು ಅದು ಕಾಣಿಸಿಕೊಂಡ ಪುಟದ ಸ್ಕ್ರೀನ್‌ಶಾಟ್. ಪುಟದ ವಿಳಾಸ, ಕಂಡ ದಿನಾಂಕ, ಪರವಾನಗಿ ಇದ್ದರೆ ತೋರಿಸಿ ಎಂಬ ಒಂದು ಸಾಲು. ಬಳಿಕ ಕೇಳಿದ ಮೊತ್ತ, ಹಣ ಕಟ್ಟುವ ಕೊಂಡಿ, 14 ಅಥವಾ 21 ದಿನಗಳಂತಹ ಗಡುವು. ಕೊನೆಯಲ್ಲಿ, ಚಿತ್ರವನ್ನು ತೆಗೆದುಹಾಕಿದ ಮಾತ್ರಕ್ಕೆ ಹೊಣೆ ತೀರದು ಎಂಬ ಎಚ್ಚರಿಕೆ. ಎರಡನೆಯ ಪತ್ರದಲ್ಲಿ ಮೊತ್ತ ಏರಿರುತ್ತದೆ, ಮೂರನೆಯದು ವಕೀಲರ ಹೆಸರಿನ ಕಾಗದದಲ್ಲಿ ಬರುತ್ತದೆ.

ಪತ್ರದಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಓದುಗರಿಗೆ ಹೆಚ್ಚಿನದನ್ನು ಹೇಳುತ್ತದೆ. ಚಿತ್ರ ತೆಗೆದವರು ಯಾರು, ಪತ್ರ ಬರೆದವರಿಗೆ ಅವರಿಂದ ಬಂದ ಅಧಿಕಾರದ ದಾಖಲೆ ಎಲ್ಲಿದೆ, ಮೊತ್ತವನ್ನು ಯಾವ ದರಪಟ್ಟಿಯ ಆಧಾರದ ಮೇಲೆ ಲೆಕ್ಕ ಹಾಕಲಾಗಿದೆ, ಯಾವ ದೇಶದ ಕಾನೂನಿನಡಿ ಹಣ ಕೇಳಲಾಗುತ್ತಿದೆ ಎಂಬ ನಾಲ್ಕು ಸಂಗತಿಗಳಲ್ಲಿ ಒಂದೋ ಎರಡೋ ಮೊದಲ ಪತ್ರದಲ್ಲಿ ಕಾಣದೇ ಇರುವುದು ಸಾಮಾನ್ಯ. ಉತ್ತರಿಸುವವರ ಮೊದಲ ಕೆಲಸವೆಂದರೆ ಈ ನಾಲ್ಕನ್ನು ಕೇಳಿ ಪಡೆಯುವುದು.

ಚಿತ್ರ ಯಾರದು

ಭಾರತದಲ್ಲಿ ಈ ಪ್ರಶ್ನೆಗೆ ಉತ್ತರ ಕೃತಿಸ್ವಾಮ್ಯ ಅಧಿನಿಯಮ, 1957ರಲ್ಲಿದೆ. ಅದರ ಪ್ರಕಾರ ಛಾಯಾಚಿತ್ರವು ಕಲಾಕೃತಿ, ಅದನ್ನು ತೆಗೆದವನೇ ಅದರ ಕರ್ತೃ. ಹಕ್ಕು ಹುಟ್ಟುವುದು ಚಿತ್ರ ತೆಗೆದ ಕ್ಷಣದಲ್ಲಿ, ನೋಂದಣಿ ಕಡ್ಡಾಯವಲ್ಲ. 2012ರ ತಿದ್ದುಪಡಿಗೆ ಮೊದಲು ಛಾಯಾಚಿತ್ರದ ಹಕ್ಕು ಪ್ರಕಟಣೆಯಿಂದ 60 ವರ್ಷಕ್ಕೆ ಮುಗಿಯುತ್ತಿತ್ತು, ಈಗ ಇತರ ಕಲಾಕೃತಿಗಳಂತೆ ಕರ್ತೃವಿನ ಜೀವಿತಾವಧಿ ಮತ್ತು ಆನಂತರದ 60 ವರ್ಷ ಇರುತ್ತದೆ. ಭಾರತವು 1928ರಿಂದಲೇ ಬರ್ನ್ ಒಡಂಬಡಿಕೆಯ ಸದಸ್ಯ ದೇಶವಾದ್ದರಿಂದ, ಜರ್ಮನಿಯ ಅಥವಾ ಅಮೆರಿಕದ ಛಾಯಾಗ್ರಾಹಕನ ಚಿತ್ರಕ್ಕೂ ಇಲ್ಲಿ ಇದೇ ರಕ್ಷಣೆ ಸಿಗುತ್ತದೆ.

ಕರ್ತೃ ಮತ್ತು ಒಡೆಯ ಸದಾ ಒಬ್ಬರೇ ಆಗಿರುವುದಿಲ್ಲ ಎಂಬುದು ಇಲ್ಲಿನ ಸೂಕ್ಷ್ಮ. ಅಧಿನಿಯಮದ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಚಿಕ್ಕಪೇಟೆಯ ಸೀರೆ ಅಂಗಡಿಯವರು ಸ್ಟುಡಿಯೋದವರಿಗೆ ಹಣ ಕೊಟ್ಟು ತಮ್ಮ ಸೀರೆಗಳ ಚಿತ್ರ ತೆಗೆಸಿದ್ದರೆ, ಆ ಚಿತ್ರಗಳಿಗಾಗಿ ಸ್ಟುಡಿಯೋ ಮತ್ತೆ ಹಣ ಕೇಳುವುದು ಕಷ್ಟ. ಬ್ರಿಟನ್ ಮತ್ತು ಅಮೆರಿಕದಲ್ಲಿ ಸ್ವತಂತ್ರ ಛಾಯಾಗ್ರಾಹಕ ತನ್ನ ಹಕ್ಕನ್ನು ಬರೆದುಕೊಡದ ಹೊರತು ಅದು ಅವನಲ್ಲೇ ಉಳಿಯುವುದರಿಂದ, ಅಲ್ಲಿಯ ಮಾದರಿ ಪತ್ರಗಳನ್ನು ಓದಿ ಇಲ್ಲಿಯ ವಿವಾದವನ್ನು ಅಳೆಯುವುದು ತಪ್ಪುದಾರಿ. ಇನ್ನೊಂದು ಎಚ್ಚರಿಕೆ ವ್ಯಾಪಾರಿಗೇ ಸಲ್ಲುವಂಥದು: ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಮತ್ತು ಅವಧಿಯನ್ನು ಬರೆಯದ ಪತ್ರ 19ನೆಯ ಕಲಮಿನ ಪ್ರಕಾರ ಐದು ವರ್ಷಕ್ಕೆ, ಪ್ರದೇಶವನ್ನು ಬರೆಯದ ಪತ್ರ ಭಾರತಕ್ಕೆ ಮಾತ್ರ ಅನ್ವಯಿಸುತ್ತದೆ. ಒಮ್ಮೆ ಬರೆಸಿಕೊಂಡ ಹಕ್ಕು ಶಾಶ್ವತವೆಂದು ನಂಬಿ ಆರನೆಯ ವರ್ಷವೂ ಚಿತ್ರ ಬಳಸುವವರು ಈ ಕಲಮಿನಲ್ಲಿ ಎಡವುತ್ತಾರೆ.

ಚಿತ್ರದ ವಸ್ತುವಿಗೂ ಚಿತ್ರಕ್ಕೂ ಇರುವ ವ್ಯತ್ಯಾಸವನ್ನೂ ಇಲ್ಲೇ ಗುರುತಿಸಬೇಕು. ಹಂಪಿಯ ಕಲ್ಲಿನ ರಥಕ್ಕೆ ಕೃತಿಸ್ವಾಮ್ಯವಿಲ್ಲ, ಅದರ ಚಿತ್ರವನ್ನು ಯಾರು ಬೇಕಾದರೂ ತೆಗೆಯಬಹುದು. ಆದರೆ ಒಬ್ಬರು ತೆಗೆದ ಕಲ್ಲಿನ ರಥದ ಚಿತ್ರ ಅವರದೇ. ರಥ ನಾಡಿನದಾದ್ದರಿಂದ ಚಿತ್ರವೂ ನಾಡಿನದು ಎಂಬ ವಾದಕ್ಕೆ ಕಾನೂನಿನಲ್ಲಿ ನೆಲೆಯಿಲ್ಲ.

ಚಾಲ್ತಿಯಲ್ಲಿರುವ ನಾಲ್ಕು ನಂಬಿಕೆಗಳು

ಮೊದಲನೆಯದು, ಗೂಗಲ್‌ನಲ್ಲಿ ಸಿಕ್ಕ ಚಿತ್ರ ಎಲ್ಲರದು ಎಂಬ ನಂಬಿಕೆ. ಹುಡುಕುಯಂತ್ರ ದಾರಿ ತೋರಿಸುತ್ತದೆಯೇ ಹೊರತು ಪರವಾನಗಿ ಕೊಡುವುದಿಲ್ಲ. ಜರ್ಮನಿಯ ಶಾಲೆಯೊಂದರ ವಿದ್ಯಾರ್ಥಿನಿಯೊಬ್ಬಳು ಪ್ರವಾಸ ತಾಣವೊಂದರಲ್ಲಿ ಮುಕ್ತವಾಗಿ ಕಾಣುತ್ತಿದ್ದ ಕಾರ್ಡೋಬಾ ನಗರದ ಚಿತ್ರವನ್ನು ತನ್ನ ಪ್ರಬಂಧದಲ್ಲಿ ಬಳಸಿ, ಶಾಲೆ ಆ ಪ್ರಬಂಧವನ್ನು ತನ್ನ ಜಾಲತಾಣದಲ್ಲಿ ಹಾಕಿದ ಪ್ರಕರಣದಲ್ಲಿ, ಒಂದು ತಾಣದಲ್ಲಿ ಅನುಮತಿಯೊಡನೆ ಇರುವ ಚಿತ್ರವನ್ನು ನಕಲು ಮಾಡಿ ಇನ್ನೊಂದು ತಾಣದಲ್ಲಿ ಹಾಕಲು ಬೇರೆಯೇ ಅನುಮತಿ ಬೇಕೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಶಾಲೆಗೇ ಇಲ್ಲದ ವಿನಾಯಿತಿ ವ್ಯಾಪಾರಕ್ಕೆ ಇರಲಾರದು.

ಎರಡನೆಯದು, ಕೃಪೆ ಎಂದು ಛಾಯಾಗ್ರಾಹಕನ ಹೆಸರು ಹಾಕಿದರೆ ಸಾಕೆಂಬ ನಂಬಿಕೆ. ಭಾರತದ ಅಧಿನಿಯಮದ 52ನೆಯ ಕಲಂ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಮುಂತಾದ ಉದ್ದೇಶಗಳಿಗೆ ನ್ಯಾಯೋಚಿತ ಬಳಕೆಯನ್ನು ಬಿಟ್ಟುಕೊಟ್ಟಿದೆ. ಸರಕನ್ನೋ ಸೇವೆಯನ್ನೋ ಮಾರುವ ಪುಟದ ಅಲಂಕಾರ ಆ ಪಟ್ಟಿಯಲ್ಲಿಲ್ಲ. ಹೆಸರು ಹಾಕುವುದು ಸಾಕಾಗುವುದು ಕ್ರಿಯೇಟಿವ್ ಕಾಮನ್ಸ್‌ನಂತಹ ಪರವಾನಗಿ, ಅಂದರೆ ಕರ್ತೃವೇ ಮುಂಚಿತವಾಗಿ ಷರತ್ತುಗಳನ್ನು ಹೇಳಿ ಎಲ್ಲರಿಗೂ ಕೊಟ್ಟಿರುವ ಅನುಮತಿ, ಇದ್ದಾಗ ಮಾತ್ರ. ಆಗಲೂ ಪರವಾನಗಿಯ ಹೆಸರು ಮತ್ತು ಕೊಂಡಿಯನ್ನು ಕೊಡಬೇಕು, ಕೆಲವು ಬಗೆಗಳು ವಾಣಿಜ್ಯ ಬಳಕೆಯನ್ನೇ ನಿಷೇಧಿಸುತ್ತವೆ. ಈ ಪರವಾನಗಿಗಳ ಹಳೆಯ ಆವೃತ್ತಿಗಳಲ್ಲಿ ಷರತ್ತು ಮುರಿದ ಕ್ಷಣ ಅನುಮತಿ ರದ್ದಾಗುತ್ತಿತ್ತು. 2013ರ ನಾಲ್ಕನೆಯ ಆವೃತ್ತಿಯಲ್ಲಿ, ತಪ್ಪು ಗಮನಕ್ಕೆ ಬಂದ 30 ದಿನಗಳೊಳಗೆ ಸರಿಪಡಿಸಿದರೆ ಅನುಮತಿ ಮರಳಿ ಸಿಗುತ್ತದೆ. ವಿಕಿಮೀಡಿಯ ಕಾಮನ್ಸ್‌ನಿಂದ ಚಿತ್ರ ತಂದು ಹೆಸರು ಬಿಟ್ಟವರಿಗೆ ಪತ್ರ ಬಂದಾಗ, ಆವೃತ್ತಿಯ ಸಂಖ್ಯೆಯನ್ನು ನೋಡುವುದು ಬಹು ಮುಖ್ಯವಾಗುವುದು ಇದರಿಂದಲೇ.

ಮೂರನೆಯದು, ಚಿತ್ರವನ್ನು ತೆಗೆದುಹಾಕಿದರೆ ವಿಷಯ ಮುಗಿಯಿತೆಂಬ ನಂಬಿಕೆ. ತೆಗೆಯುವುದರಿಂದ ಮುಂದಿನ ಉಲ್ಲಂಘನೆ ನಿಲ್ಲುತ್ತದೆ, ಹಿಂದಿನದು ಅಳಿಯುವುದಿಲ್ಲ. ಅಲ್ಲದೆ ಪುಟದಿಂದ ತೆಗೆದ ಚಿತ್ರ ಎಷ್ಟೋ ಬಾರಿ ಸರ್ವರಿನಲ್ಲಿ ಹಾಗೆಯೇ ಉಳಿದಿರುತ್ತದೆ; ವರ್ಡ್‌ಪ್ರೆಸ್ ಬಳಸುವ ತಾಣಗಳಲ್ಲಿ ಅಪ್‌ಲೋಡ್ಸ್ ಕಡತಕೋಶದೊಳಗೆ ಒಂದೇ ಚಿತ್ರದ ನಾಲ್ಕಾರು ಗಾತ್ರದ ಪ್ರತಿಗಳಿರುವುದು ವಾಡಿಕೆ, ಅವುಗಳ ನೇರ ವಿಳಾಸ ತಿಳಿದವರಿಗೆ ಅವು ಕಾಣುತ್ತಲೇ ಇರುತ್ತವೆ.

ನಾಲ್ಕನೆಯದು, ತಾಣ ಕಟ್ಟಿಕೊಟ್ಟ ವೆಬ್ ಡಿಸೈನರ್ ಹೊಣೆಯೆಂಬ ನಂಬಿಕೆ. ಚಿತ್ರವನ್ನು ಸಾರ್ವಜನಿಕರಿಗೆ ತೋರಿಸುತ್ತಿರುವುದು ವ್ಯಾಪಾರ ಸಂಸ್ಥೆಯ ತಾಣವಾದ್ದರಿಂದ ಚಿತ್ರದ ಒಡೆಯನಿಗೆ ಉತ್ತರಿಸಬೇಕಾದದ್ದು ಆ ಸಂಸ್ಥೆಯೇ. ಆಮೇಲೆ ಆ ಹಣವನ್ನು ಡಿಸೈನರಿಂದ ವಸೂಲು ಮಾಡಲು ಭಾರತೀಯ ಕರಾರು ಅಧಿನಿಯಮ, 1872ರ 124ನೆಯ ಕಲಂ ಹೇಳುವ ನಷ್ಟಭರ್ತಿಯ ಷರತ್ತು, ಅಂದರೆ ತನ್ನಿಂದಾದ ನಷ್ಟವನ್ನು ತಾನೇ ತುಂಬಿಕೊಡುವೆನೆಂಬ ವಾಗ್ದಾನ, ಒಪ್ಪಂದದಲ್ಲಿ ಇದ್ದರೆ ದಾರಿ ಸುಗಮ. ಕೊಂಡ ಥೀಮ್, ಅಂದರೆ ಸಿದ್ಧ ವಿನ್ಯಾಸದ ಮಾದರಿ ಪುಟದಲ್ಲಿದ್ದ ಚಿತ್ರಗಳು ಬಹುಪಾಲು ತೋರಿಕೆಗೆ ಮಾತ್ರ ಇಟ್ಟವು, ಥೀಮಿನ ಬೆಲೆಯಲ್ಲಿ ಅವುಗಳ ಹಕ್ಕು ಸೇರಿರುವುದಿಲ್ಲ ಎಂಬುದನ್ನೂ ಡಿಸೈನರುಗಳು ಮರೆಯುವುದುಂಟು.

ಬೆಲೆಯ ಪ್ರಶ್ನೆ

ಉಲ್ಲಂಘನೆ ನಡೆದಿದೆಯೆಂದು ಒಪ್ಪಿದ ಮೇಲೂ ಎರಡನೆಯ ಪ್ರಶ್ನೆ ಪೂರ್ತಿಯಾಗಿ ಉಳಿದಿರುತ್ತದೆ, ಅದರ ಉತ್ತರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದ ಕಾನೂನು, ನಷ್ಟವನ್ನು ರುಜುವಾತು ಮಾಡದೆಯೂ ಪಡೆಯಬಹುದಾದ ಶಾಸನಬದ್ಧ ಪರಿಹಾರವನ್ನು ನಿಗದಿ ಮಾಡಿದೆ: ಪ್ರತಿ ಕೃತಿಗೆ 750ರಿಂದ 30,000 ಡಾಲರ್, ಬೇಕೆಂದೇ ಮಾಡಿದ ಉಲ್ಲಂಘನೆಗೆ 1,50,000 ಡಾಲರ್‌ವರೆಗೆ, ಅರಿಯದೆ ಆದದ್ದೆಂದು ಸಾಬೀತಾದರೆ 200 ಡಾಲರ್‌ವರೆಗೂ ಇಳಿಕೆ. ಆದರೆ ಈ ಪರಿಹಾರ ಸಿಗಬೇಕಾದರೆ ಕೃತಿ ಸಕಾಲದಲ್ಲಿ ಅಲ್ಲಿನ ಕಚೇರಿಯಲ್ಲಿ ನೋಂದಣಿಯಾಗಿರಬೇಕು. ಪತ್ರದಲ್ಲಿ 1,50,000ದ ಅಂಕಿ ಇದ್ದು ನೋಂದಣಿಯ ಸಂಖ್ಯೆ ಇಲ್ಲದಿದ್ದರೆ ಆ ಅಂಕಿ ಬಹುಮಟ್ಟಿಗೆ ಬೆದರುಬೊಂಬೆ. ಸಣ್ಣ ಬೇಡಿಕೆಗಳಿಗಾಗಿಯೇ 2020ರ ಕಾಯಿದೆಯೊಂದರ ಮೂಲಕ ರಚಿತವಾದ ಮಂಡಳಿ 2022ರಿಂದ ಅಲ್ಲಿ ಕೆಲಸ ಮಾಡುತ್ತಿದೆ, ಅದು ಒಂದು ಪ್ರಕರಣದಲ್ಲಿ ಕೊಡಿಸಬಹುದಾದ ಗರಿಷ್ಠ ಮೊತ್ತ 30,000 ಡಾಲರ್.

ಬ್ರಿಟನ್ನಿನ ನ್ಯಾಯಾಲಯಗಳು ಹೊರಡುವುದು ಬೇರೊಂದು ಪ್ರಶ್ನೆಯಿಂದ: ಇಬ್ಬರೂ ಮನಸಾರೆ ಕುಳಿತು ಮಾತಾಡಿದ್ದರೆ ಈ ಬಳಕೆಗೆ ಎಷ್ಟು ಶುಲ್ಕ ಒಪ್ಪುತ್ತಿದ್ದರು? ಮನೆಯ ಅಟ್ಟವನ್ನು ಕೋಣೆಯಾಗಿ ಮಾರ್ಪಡಿಸುವ ಸಂಸ್ಥೆಯೊಂದರ 21 ಚಿತ್ರಗಳನ್ನು ಅದೇ ಕಸುಬಿನ ಇನ್ನೊಂದು ಸಂಸ್ಥೆ ತನ್ನದೇ ಕೆಲಸವೆಂಬಂತೆ ತನ್ನ ತಾಣದಲ್ಲಿ ತೋರಿಸಿದ ಪ್ರಕರಣದ 2015ರ ತೀರ್ಪು ಈ ವಿಷಯದಲ್ಲಿ ಬಹಳ ಬೋಧಪ್ರದ. ಅಂತಹ ಚಿತ್ರಗಳು ಚಿತ್ರಸಂಗ್ರಹದಿಂದ ಅಗ್ಗವಾಗಿ ಸಿಗುತ್ತಿದ್ದವೆಂದು ಶುಲ್ಕದ ಲೆಕ್ಕದಲ್ಲಿ ನ್ಯಾಯಾಧೀಶರು ಕೊಡಿಸಿದ್ದು 300 ಪೌಂಡ್ ಮಾತ್ರ. ಆದರೆ ಅನ್ಯರ ಕೆಲಸವನ್ನು ತನ್ನದೆಂದು ತೋರಿಸಿ ಗ್ರಾಹಕರನ್ನು ಸೆಳೆದದ್ದಕ್ಕೆ ಹೆಚ್ಚುವರಿಯಾಗಿ 6,000 ಪೌಂಡ್. ಚಿತ್ರದ ಬೆಲೆ ಒಂದು, ನಡತೆಯ ಬೆಲೆ ಇನ್ನೊಂದು ಎಂಬುದನ್ನು ಆ ಎರಡು ಅಂಕಿಗಳು ನೇರವಾಗಿ ಹೇಳುತ್ತವೆ.

ಜರ್ಮನಿಯಲ್ಲಿ ವಕೀಲರ ಎಚ್ಚರಿಕೆ ಪತ್ರದೊಡನೆ ಒಂದು ಮುಚ್ಚಳಿಕೆಯೂ ಬರುತ್ತದೆ; ಮತ್ತೆ ಬಳಸಿದರೆ ಇಂತಿಷ್ಟು ದಂಡ ತೆರುವೆನೆಂದು ಅದರಲ್ಲಿ ಬರೆದುಕೊಡಬೇಕು, ಎಚ್ಚರಿಕೆ ನ್ಯಾಯವಾದದ್ದಾದರೆ ವಕೀಲರ ವೆಚ್ಚವನ್ನೂ ಭರಿಸಬೇಕು. ಆದರೆ ಅಲ್ಲಿಯೂ ವೃತ್ತಿಪರ ಛಾಯಾಗ್ರಾಹಕರ ದರಪಟ್ಟಿಯನ್ನು ಎಲ್ಲ ಚಿತ್ರಗಳಿಗೂ ಹಚ್ಚಲು ನ್ಯಾಯಾಲಯಗಳು ಒಪ್ಪುವುದಿಲ್ಲ. ಹವ್ಯಾಸಿಯೊಬ್ಬರು ತೆಗೆದ ಕ್ರೀಡಾ ಕಾರಿನ ಚಿತ್ರದ ವಿಷಯದಲ್ಲಿ 100 ಯೂರೊ ಶುಲ್ಕ, ಹೆಸರು ಹಾಕದ್ದಕ್ಕೆ ಮತ್ತೆ 100 ಯೂರೊ ಸಾಕೆಂಬ ನಿರ್ಧಾರವನ್ನು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿಯಿತು.

ಭಾರತದಲ್ಲಿ ಅಮೆರಿಕದಂತೆ ನಿಗದಿತ ಪರಿಹಾರದ ಪಟ್ಟಿಯಿಲ್ಲ. 55ನೆಯ ಕಲಂ ತಡೆಯಾಜ್ಞೆ, ನಷ್ಟ ಪರಿಹಾರ ಮತ್ತು ಲಾಭದ ಲೆಕ್ಕವನ್ನು ಕೊಡುತ್ತದೆ. ಆ ಕೃತಿಗೆ ಕೃತಿಸ್ವಾಮ್ಯವಿದೆಯೆಂದು ಪ್ರತಿವಾದಿಗೆ ತಿಳಿದಿರಲಿಲ್ಲ, ಹಾಗೆ ನಂಬಲು ಸಮಂಜಸ ಕಾರಣವೂ ಇರಲಿಲ್ಲವೆಂದು ಸಾಬೀತಾದರೆ ವಾದಿಗೆ ಸಿಗುವುದು ತಡೆಯಾಜ್ಞೆ ಮತ್ತು ಲಾಭದಲ್ಲಿ ನ್ಯಾಯಾಲಯಕ್ಕೆ ಸರಿಕಂಡ ಭಾಗ ಮಾತ್ರ. ಜಾಲದಲ್ಲಿ ಸಿಕ್ಕ ಇತ್ತೀಚಿನ ವೃತ್ತಿಪರ ಚಿತ್ರದ ಬಗ್ಗೆ ಈ ಅಜ್ಞಾನವನ್ನು ರುಜುವಾತು ಮಾಡುವುದು ಸುಲಭವಲ್ಲವೆಂಬುದನ್ನೂ ಹೇಳಬೇಕು. ಪರಿಹಾರದ ದಾವೆಗೆ ಉಲ್ಲಂಘನೆಯ ದಿನದಿಂದ ಮೂರು ವರ್ಷಗಳ ಕಾಲಮಿತಿಯಿದೆ, ಆದರೆ ಚಿತ್ರ ತಾಣದಲ್ಲಿ ಇರುವವರೆಗೂ ಉಲ್ಲಂಘನೆ ದಿನದಿನವೂ ಹೊಸದಾಗುತ್ತಿರುತ್ತದೆ. 62ನೆಯ ಕಲಂ ಚಿತ್ರದ ಒಡೆಯನಿಗೆ ತಾನು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನಲ್ಲೇ ದಾವೆ ಹೂಡುವ ಅವಕಾಶ ಕೊಟ್ಟಿರುವುದರಿಂದ, ಹುಬ್ಬಳ್ಳಿಯ ಅಂಗಡಿಯವರು ದೆಹಲಿಯಲ್ಲಿ ಉತ್ತರ ಹೇಳಬೇಕಾದ ಸಂದರ್ಭವೂ ಬರಬಹುದು. ಅದರ ಜೊತೆಗೆ, ತಿಳಿದೂ ಮಾಡಿದ ಉಲ್ಲಂಘನೆ 63ನೆಯ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ. ಇದು ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದಾದ, ಜಾಮೀನುರಹಿತ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ. ಪತ್ರವನ್ನು ಕಸದ ಬುಟ್ಟಿಗೆ ಹಾಕಿ, ಚಿತ್ರವನ್ನು ತಾಣದಲ್ಲೇ ಉಳಿಸಿಕೊಳ್ಳುವವರು ತಿಳಿಯದೆ ಮಾಡಿದ ತಪ್ಪನ್ನು ತಿಳಿದೂ ಮಾಡಿದ ತಪ್ಪಾಗಿ ತಾವೇ ಬದಲಾಯಿಸಿಕೊಂಡಂತೆ.

ವಿದೇಶದಿಂದ ಬಂದ ಪತ್ರದ ತೂಕವನ್ನು ಅಳೆಯಲು ಇನ್ನೊಂದು ಮಾನದಂಡವಿದೆ. ಬ್ರಿಟನ್, ಸಿಂಗಪುರದಂತೆ ಭಾರತ ಅಧಿಸೂಚಿಸಿದ ದೇಶಗಳ ಮೇಲಿನ ಹಂತದ ನ್ಯಾಯಾಲಯಗಳ ಹಣದ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಇಲ್ಲಿ ನೇರವಾಗಿ ಜಾರಿಗೆ ತರಬಹುದು. ಅಮೆರಿಕ ಮತ್ತು ಜರ್ಮನಿ ಆ ಪಟ್ಟಿಯಲ್ಲಿಲ್ಲ, ಅಲ್ಲಿನ ತೀರ್ಪು ಹಿಡಿದು ಇಲ್ಲಿ ಹೊಸ ದಾವೆಯನ್ನೇ ಹೂಡಬೇಕು. ಹಾಗೆಂದು ವಿದೇಶಿ ಒಡೆಯನಿಗೆ ದಾರಿಯಿಲ್ಲವೆಂದಲ್ಲ. ಅವನು ಬೆಂಗಳೂರಿನಲ್ಲೇ ಭಾರತದ ಕಾನೂನಿನಡಿ ದಾವೆ ಹೂಡಬಲ್ಲ, ಆದರೆ ಆಗ ಬೆಲೆಯೂ ಭಾರತದ ಅಳತೆಗೋಲಿನಿಂದಲೇ ನಿರ್ಧಾರವಾಗುತ್ತದೆ.

ಬೇಡುವವರಿಗೂ ಇರುವ ಮಿತಿ

ಬೇಡಿಕೆ ಪತ್ರಗಳೆಲ್ಲ ಸತ್ಯವನ್ನೇ ಹೇಳುವುದಿಲ್ಲ ಎಂಬುದಕ್ಕೆ ಅಮೆರಿಕದ ಛಾಯಾಗ್ರಾಹಕಿ ಕ್ಯಾರಲ್ ಹೈಸ್ಮಿತ್ ಅವರ ಪ್ರಸಂಗಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ತಾವು ತೆಗೆದ ಸಾವಿರಾರು ಚಿತ್ರಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ, ಸಾರ್ವಜನಿಕರ ಬಳಕೆಗೆಂದು, ದಾನ ಮಾಡಿದ್ದ ಅವರಿಗೆ, ತಮ್ಮದೇ ಚಿತ್ರವನ್ನು ತಮ್ಮದೇ ಪ್ರತಿಷ್ಠಾನದ ತಾಣದಲ್ಲಿ ಬಳಸಿದ್ದಕ್ಕೆ 120 ಡಾಲರ್ ಕೊಡಬೇಕೆಂಬ ಪತ್ರ ಬಂದಿತು. ಅವರು 2016ರಲ್ಲಿ ಹೂಡಿದ ದಾವೆಯಲ್ಲಿ ಕೃತಿಸ್ವಾಮ್ಯ ಕಾನೂನಿನ ಆಧಾರದ ಬೇಡಿಕೆಗಳನ್ನು ನ್ಯಾಯಾಲಯ ಒಪ್ಪಲಿಲ್ಲ. ದಾನವಾಗಿ ಬಿಟ್ಟುಕೊಟ್ಟ ಹಕ್ಕನ್ನು ದಾನಿ ಮತ್ತೆ ಹಿಡಿದೆತ್ತಲಾಗದು. ಆದರೆ ಪತ್ರ ಬರೆಯುವ ಯಂತ್ರಕ್ಕೆ ಚಿತ್ರದ ಗುರುತು ಸಿಕ್ಕುತ್ತದೆಯೇ ಹೊರತು ಹಕ್ಕಿನ ಗುರುತು ಸಿಕ್ಕುವುದಿಲ್ಲವೆಂಬುದು ಜಗಜ್ಜಾಹೀರಾಯಿತು.

ಈ ವಿಷಯದಲ್ಲಿ ಭಾರತದ ಅಧಿನಿಯಮ ಪತ್ರ ಪಡೆದವರಿಗೆ ಒಂದು ಅಪರೂಪದ ಆಯುಧವನ್ನು ಕೊಟ್ಟಿದೆ. 60ನೆಯ ಕಲಮಿನ ಪ್ರಕಾರ, ಕೃತಿಸ್ವಾಮ್ಯದ ಒಡೆಯನೆಂದು ಹೇಳಿಕೊಂಡು ಯಾರಾದರೂ ಆಧಾರವಿಲ್ಲದೆ ದಾವೆಯ ಬೆದರಿಕೆ ಹಾಕಿದರೆ, ಬೆದರಿಕೆಗೆ ಒಳಗಾದವರೇ ನ್ಯಾಯಾಲಯಕ್ಕೆ ಹೋಗಿ ತಮ್ಮಿಂದ ಉಲ್ಲಂಘನೆ ಆಗಿಲ್ಲವೆಂಬ ಘೋಷಣೆಯನ್ನೂ, ಬೆದರಿಕೆಯ ವಿರುದ್ಧ ತಡೆಯಾಜ್ಞೆಯನ್ನೂ, ಆದ ನಷ್ಟಕ್ಕೆ ಪರಿಹಾರವನ್ನೂ ಕೇಳಬಹುದು; ಬೆದರಿಸಿದವರು ತಕ್ಕ ಶ್ರದ್ಧೆಯಿಂದ ತಾವೇ ದಾವೆ ಹೂಡಿ ನಡೆಸಿದರೆ ಮಾತ್ರ ಈ ಕಲಂ ಅನ್ವಯಿಸದು. ಬ್ರಿಟನ್ನಿನಲ್ಲಿ ಅನ್ಯಾಯದ ಬೆದರಿಕೆಗಳ ವಿರುದ್ಧದ 2017ರ ಕಾಯಿದೆ ಪೇಟೆಂಟ್, ಟ್ರೇಡ್‌ಮಾರ್ಕ್ ಮತ್ತು ವಿನ್ಯಾಸಗಳಿಗೆ ಸೀಮಿತ, ಕೃತಿಸ್ವಾಮ್ಯಕ್ಕೆ ಅದರಲ್ಲಿ ಜಾಗವಿಲ್ಲ. ಈ ಆಯುಧ ಉಪಯೋಗಕ್ಕೆ ಬರುವುದು ಪರವಾನಗಿ ನಿಜವಾಗಿ ಇದ್ದವರಿಗೆ, ಚಿತ್ರ ಕದ್ದವರಿಗಲ್ಲ.

ಅಪ್ಪಟ ವಂಚನೆಯ ಪತ್ರಗಳೂ ಇವೆ. ತಾಣದ ಸಂಪರ್ಕ ನಮೂನೆಯ ಮೂಲಕ ಚಿತ್ರ ಕದ್ದಿದ್ದೀರೆಂದು ಆರೋಪಿಸಿ, ಸಾಕ್ಷ್ಯ ಇಲ್ಲಿದೆ ಎಂಬ ಕೊಂಡಿಯಲ್ಲಿ ಕುತಂತ್ರಾಂಶವನ್ನಿಟ್ಟು ಕಳಿಸುವ ಜಾಲವೊಂದರ ಬಗ್ಗೆ ಮೈಕ್ರೋಸಾಫ್ಟ್ 2021ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ಯಾವ ಚಿತ್ರ, ಯಾವ ಪುಟ ಎಂಬುದನ್ನು ಪತ್ರದಲ್ಲೇ ಹೇಳದೆ ಕೊಂಡಿಯನ್ನು ಒತ್ತಿ ನೋಡೆನ್ನುವುದು ಇಂತಹ ಪತ್ರದ ಲಕ್ಷಣ.

ಉತ್ತರಿಸುವ ಕ್ರಮ

ಪತ್ರ ಬಂದ ದಿನವೇ ಮಾಡಬೇಕಾದದ್ದು ಎರಡು: ಆಪಾದಿತ ಪುಟದ ಸ್ಥಿತಿಯನ್ನು ದಿನಾಂಕ ಸಹಿತ ದಾಖಲಿಸಿಕೊಳ್ಳುವುದು, ಆಮೇಲೆ ಪರವಾನಗಿ ಇರುವುದು ಖಚಿತವಿಲ್ಲದಿದ್ದರೆ ಚಿತ್ರವನ್ನು ಪುಟದಿಂದಲೂ ಸರ್ವರಿನಿಂದಲೂ ತೆಗೆಯುವುದು. ದಾಖಲಿಸದೆ ತೆಗೆದರೆ ಚಿತ್ರ ಎಷ್ಟು ದೊಡ್ಡದಿತ್ತು, ಯಾವ ಮೂಲೆಯಲ್ಲಿತ್ತು, ಎಷ್ಟು ಕಾಲ ಇತ್ತು ಎಂಬ, ಬೆಲೆಯ ಮಾತುಕತೆಯಲ್ಲಿ ತನಗೇ ಅನುಕೂಲವಾಗಬಹುದಾದ ಸಾಕ್ಷ್ಯ ಕೈತಪ್ಪುತ್ತದೆ. ಅದರ ನಂತರ ಚಿತ್ರ ಎಲ್ಲಿಂದ ಬಂತೆಂಬ ಹುಡುಕಾಟ: ಚಿತ್ರಸಂಗ್ರಹದ ಖಾತೆಯಲ್ಲಿ ಹಳೆಯ ರಸೀದಿ, ಡಿಸೈನರ ಇಮೇಲ್, ಛಾಯಾಗ್ರಾಹಕನೊಡನೆ ನಡೆದ ವಾಟ್ಸ್ಆ್ಯಪ್ ಮಾತು. ರಸೀದಿಯೊಂದು ಸಿಕ್ಕರೆ ವಿವಾದ ಅಲ್ಲಿಗೇ ಮುಗಿಯಬಹುದು.

ಸಿಗದಿದ್ದರೆ ಮೊದಲ ಉತ್ತರ ಚಿಕ್ಕದಾಗಿರಬೇಕು: ಪತ್ರ ತಲುಪಿದೆ, ಯಾವ ಹೊಣೆಯನ್ನೂ ಒಪ್ಪದೆ ಚಿತ್ರವನ್ನು ತೆಗೆಯಲಾಗಿದೆ, ಕರ್ತೃವಿನ ಹೆಸರು, ಅಧಿಕಾರ ಪತ್ರ, ಮೊತ್ತದ ಆಧಾರ ಮತ್ತು ಯಾವ ದೇಶದ ಕಾನೂನಿನಡಿ ಕೇಳಲಾಗುತ್ತಿದೆ ಎಂಬ ವಿವರವನ್ನು ಕಳಿಸಬೇಕು. ಇಲ್ಲದ ಪರವಾನಗಿ ಇದೆಯೆನ್ನುವುದಾಗಲಿ, ಸಿಟ್ಟಿನ ಮಾತಾಗಲಿ, ಕ್ಷಮೆಯ ದೀರ್ಘ ಕಥನವಾಗಲಿ ಮುಂದೆ ಕಡತದಲ್ಲಿ ಸಾಕ್ಷ್ಯವಾಗಿ ಕೂರುತ್ತದೆ. ದಾಖಲೆ ಬಂದ ಮೇಲೆ ಲೆಕ್ಕದ ಸರದಿ. ಚಿಕ್ಕಮಗಳೂರಿನ ಕಡೆಯ ಹೋಮ್‌ಸ್ಟೇ ಒಂದರ ತಾಣದಲ್ಲಿ ಮುಳ್ಳಯ್ಯನಗಿರಿಯ ಸೂರ್ಯೋದಯದ ಚಿತ್ರ 14 ತಿಂಗಳು ಇದ್ದು, ಅದಕ್ಕೆ 45,000 ರೂಪಾಯಿ ಕೇಳಲಾಗಿದೆಯೆಂಬ ಕಲ್ಪಿತ ಉದಾಹರಣೆಯಲ್ಲಿ, ಅದೇ ಛಾಯಾಗ್ರಾಹಕ ಜಾಲತಾಣದ ಬಳಕೆಗೆ ವರ್ಷಕ್ಕೆ 3,000 ರೂಪಾಯಿಯಂತೆ ಚಿತ್ರ ಮಾರುತ್ತಿದ್ದರೆ, 14 ತಿಂಗಳ ಶುಲ್ಕ 3,500 ರೂಪಾಯಿ, ಇಡೀ ವರ್ಷಗಳ ಲೆಕ್ಕದಲ್ಲಿ 6,000. ಹೆಸರು ಬಿಟ್ಟದ್ದಕ್ಕೂ ಹುಡುಕಾಟದ ವೆಚ್ಚಕ್ಕೂ ಒಟ್ಟಾಗಿ ಅಷ್ಟನ್ನೇ ಮತ್ತೆ ಸೇರಿಸಿದರೂ ಮೊತ್ತ 12,000ವನ್ನು ಮೀರದು. ಇಂತಹ ಲೆಕ್ಕವನ್ನು ಆಧಾರ ಸಹಿತ ಬರೆದು ಮುಂದಿಟ್ಟ ಪ್ರತಿಪ್ರಸ್ತಾವವನ್ನು ತಳ್ಳಿಹಾಕಿ ದಾವೆಗೆ ಹೋಗಬೇಕಾದರೆ ಎದುರು ಪಕ್ಷವೂ ತನ್ನ ವೆಚ್ಚವನ್ನು ಲೆಕ್ಕ ಹಾಕಬೇಕಾಗುತ್ತದೆ. ಮೂರು ಲಕ್ಷ ರೂಪಾಯಿಗಿಂತ ಕಡಿಮೆಯಲ್ಲದ ಮೌಲ್ಯದ ಇಂತಹ ವಿವಾದಗಳು ವಾಣಿಜ್ಯ ನ್ಯಾಯಾಲಯಗಳ ವ್ಯಾಪ್ತಿಗೆ ಬರುತ್ತವೆ, ಅಲ್ಲಿ ತುರ್ತು ತಡೆಯಾಜ್ಞೆ ಬೇಡದ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ.

ರಾಜಿಯಾದಾಗ ಹಣಕ್ಕಿಂತ ಕಾಗದ ಮುಖ್ಯ. ಯಾವ ಚಿತ್ರ, ಯಾವ ಅವಧಿಯ ಬಳಕೆ, ಯಾರ ಪರವಾಗಿ ಹಣ ಪಡೆಯಲಾಗಿದೆ, ಈ ಬಳಕೆಯ ಬಗ್ಗೆ ಒಡೆಯನಾಗಲಿ ಆತನ ಪರವಾದ ಮತ್ತೊಂದು ಸಂಸ್ಥೆಯಾಗಲಿ ಇನ್ನೊಮ್ಮೆ ಕೇಳುವುದಿಲ್ಲ ಎಂಬ ನಾಲ್ಕು ಅಂಶಗಳು ಸಹಿಯಾದ ರಾಜಿಪತ್ರದಲ್ಲಿ ಇರದಿದ್ದರೆ, ಕಟ್ಟಿದ ಹಣ ಬಾಗಿಲು ಮುಚ್ಚುವುದಿಲ್ಲ. ಮೊತ್ತ ದೊಡ್ಡದಿದ್ದರೆ, ಕ್ರಿಮಿನಲ್ ದೂರಿನ ಮಾತು ಬಂದಿದ್ದರೆ ಅಥವಾ ನ್ಯಾಯಾಲಯದ ಸಮನ್ಸ್ ಬಂದಿದ್ದರೆ ಈ ಹಂತಗಳನ್ನು ವಕೀಲರಿಲ್ಲದೆ ದಾಟುವುದು ಜಾಣತನವಲ್ಲ.

ತೀರ್ಮಾನ

ಈ ಸಮೀಕ್ಷೆಯಿಂದ ಹೊರಡುವ ನಿರ್ಣಯ ಯಾವುದೇ ಒಂದು ಪಕ್ಷಕ್ಕೆ ಪೂರ್ತಿ ಹಿತವಾದುದಲ್ಲ. ಅನುಮತಿಯಿಲ್ಲದೆ ಚಿತ್ರ ಬಳಸಿದ ಬಹುಪಾಲು ವ್ಯಾಪಾರಿಗಳು ಮೊದಲ ಪ್ರಶ್ನೆಯಲ್ಲಿ ಸೋಲುತ್ತಾರೆ, ಹಾಗೆ ಸೋಲುವುದೇ ನ್ಯಾಯ. ಲೆಕ್ಕದ ಆಧಾರ ತೋರಿಸದೆ ಮನಬಂದ ಮೊತ್ತ ಕೇಳುವ ಬಹುಪಾಲು ಪತ್ರಗಳು ಎರಡನೆಯ ಪ್ರಶ್ನೆಯಲ್ಲಿ ಸೋಲಬೇಕು, ಆದರೆ ಯಾರೂ ಆ ಪ್ರಶ್ನೆಯನ್ನು ಕೇಳದ ಕಾರಣ ಗೆಲ್ಲುತ್ತಿವೆ. ತಪ್ಪನ್ನು ಒಪ್ಪುವುದಕ್ಕೂ ಬೆಲೆಯನ್ನು ಪ್ರಶ್ನಿಸುವುದಕ್ಕೂ ಯಾವ ವಿರೋಧವೂ ಇಲ್ಲ. ತಾಣದ ಪ್ರತಿಯೊಂದು ಚಿತ್ರಕ್ಕೂ ಕಡತದ ಹೆಸರು, ತೆಗೆದವರು, ತಂದ ಮೂಲ, ಪರವಾನಗಿಯ ಬಗೆ, ಅದರ ಕೊನೆಯ ದಿನ, ರಸೀದಿ ಎಂಬ ಆರು ಅಂಕಣಗಳ ಒಂದು ವಹಿಯನ್ನು ಇಟ್ಟುಕೊಳ್ಳುವ ಸಂಸ್ಥೆಗೆ ಇಂತಹ ಪತ್ರ ಬಂದರೆ ಉತ್ತರ ಬರೆಯಲು ಅರ್ಧ ಗಂಟೆ ಸಾಕು. ಆ ವಹಿಯನ್ನು ಪತ್ರ ಬರುವ ಮೊದಲೇ ಬರೆದಿರಬೇಕು.